ಕಲ್ಲು ಬದಲಿಸಿದ ಮೇಲೆ

"ಇನ್ನೊಂದು ಕೂದಲೆಳೆ. ಎಡಗಡೆ, ಎಡಗಡೆ," ಎಂದ ಅವನು, ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು, ಮಡಿಸಿದ ರಬ್ಬರಿನ ತುಂಡೊಂದನ್ನು ಕಬ್ಬಿಣದ ಸ್ಟ್ಯಾಂಡಿನ ಕಾಲಿನ ಕೆಳಗೆ ತಳ್ಳುತ್ತ.

"ಕೂದಲೆಳೆ ಲೆಕ್ಕದಲ್ಲಿ ಎತ್ತೋದಕ್ಕೆ ನಾನೇನು ಅಕ್ಕಸಾಲಿಗನಾ? ಎತ್ತಿದರೆ ಒಂದು ಗೇಣು ಎತ್ತೇನು, ಇಲ್ಲಾಂದ್ರೆ ಇಲ್ಲ," ಎಂದರು ಭಾವ ಮೇಲಿನಿಂದ.

ನೆಲದಿಂದ ಅವನಿಗೆ ಕಾಣುತ್ತಿದ್ದುದು ಭಾವನ ಪಾದಗಳು ಮಾತ್ರ. ಬೆರಳುಗಳು ಭಾರಕ್ಕೆ ಬೆಳ್ಳಗಾಗಿ ನೆಲವನ್ನು ಕಚ್ಚಿಕೊಂಡಿದ್ದವು. ಅಕ್ಕನ ಗಂಡನ ಹಲ್ಲಿನ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿಯೂ ಈ ಪಾದಗಳನ್ನು ಬರಿಗಾಲಲ್ಲಿ ಇಷ್ಟು ಹತ್ತಿರದಿಂದ ಅವನು ನೋಡಿರಲಿಲ್ಲ. ಅಲ್ಲಿ ಅವು ಕಪ್ಪು ಬೂಟಿನೊಳಗೆ ಇರುತ್ತಿದ್ದವು. ಅವನ ಮೇಜಿನ ಹಿಂದೆ ಬಂದು ಸದ್ದಿಲ್ಲದೆ ನಿಲ್ಲುತ್ತಿದ್ದವು. ಅವನು ತಿರುಗಿ ನೋಡದೆಯೇ 'ಆಯ್ತು ಭಾವ, ಇನ್ನು ಹತ್ತೇ ನಿಮಿಷ' ಎನ್ನುತ್ತಿದ್ದ. ಎಡಗಾಲಿನ ಹೆಬ್ಬೆರಳಿನ ಉಗುರು ಸೀಳಿ ಎರಡಾಗಿತ್ತು. ಅದನ್ನು ನೋಡಿದ ಕೂಡಲೇ ಅವನಿಗೆ ಎಲ್ಲಿಂದಲೋ ಪ್ರೀತಿ ಉಕ್ಕಿತು. ಅರವತ್ತರ ಹತ್ತಿರದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕಾಲು ಚಾಚಿಕೊಂಡು ಕೂರುವುದು ಬಿಟ್ಟು ಹೆಂಡತಿಯ ತಮ್ಮನ ಮೀನುಗಳಿಗೋಸ್ಕರ ಬೆನ್ನು ಬಗ್ಗಿಸಿದ್ದಾರೆ. "ಗುಳ್ಳೆ ಎಲ್ಲಿದೆ?" ಎಂದು ಕೇಳಿದ. ಗಾಜಿನ ಅಂಚಿನ ಮೇಲೆ ಇಟ್ಟಿದ್ದ ರಸಮಟ್ಟವನ್ನು ಅವನ ಹೆಂಡತಿ ಬಗ್ಗಿ ನೋಡಿ, "ನಟ್ಟನಡುವೆ ಇದೆ ರೀ. ಇನ್ನು ಅಲ್ಲಾಡಿಸಬೇಡಿ," ಎಂದಳು.

ಐದಡಿಯ ತೊಟ್ಟಿ. ಒಂದು ಮೂಲೆ ಒಂದಿಷ್ಟು ತಗ್ಗಾದರೂ ನಾನೂರು ಲೀಟರ್ ನೀರು ಅತ್ತ ಕಡೆ ಒರಗಿ, ಇವತ್ತಲ್ಲ ನಾಳೆ ಗಾಜು ಬಿರಿಯುತ್ತದೆ. ಆದರೆ ಅವನ ನಿಖರತೆಗೆ ಆ ಭಯವೇ ಕಾರಣವಾಗಿರಲಿಲ್ಲ. ಅವನ ಕಸುಬೇ ಹಾಗಿತ್ತು. ದಂತವೈದ್ಯರು ಕಳಿಸಿದ ದವಡೆಯ ಅಚ್ಚಿನ ಮೇಲೆ ಗುಲಾಬಿ ಮೇಣ ಹಚ್ಚಿ, ಅದರಲ್ಲಿ ಇಪ್ಪತ್ತೆಂಟು ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುವುದು ಅವನ ಕೆಲಸ. ಮೇಲಿನ ಸಾಲಿನ ಒಂದು ಹಲ್ಲು ಕೂದಲೆಳೆಯಷ್ಟು ಉದ್ದವಾದರೆ, ಎಲ್ಲೋ ಯಾರೋ ಮುದುಕಿಯೊಬ್ಬಳು ಮಾತಾಡುವಾಗಲೆಲ್ಲ ತುಟಿ ಕಚ್ಚಿಕೊಳ್ಳುತ್ತಾಳೆ. ಹಾಗೆಂದು ಎಲ್ಲವನ್ನೂ ನೇರಕ್ಕೆ ನಿಲ್ಲಿಸಿದರೆ ನಗು ಸುಳ್ಳಾಗುತ್ತದೆ. ಎಡಗಡೆಯ ಎರಡನೆಯ ಹಲ್ಲನ್ನು ಸ್ವಲ್ಪವೇ ಸ್ವಲ್ಪ ಹೊರಳಿಸಬೇಕು, ಗುಂಪಿನ ಫೋಟೋದಲ್ಲಿ ಯಾರೋ ಕರೆದರೆಂದು ಒಬ್ಬ ಮಾತ್ರ ಪಕ್ಕಕ್ಕೆ ತಿರುಗಿದ ಹಾಗೆ. ಅದು ಅವನ ಗುರುತು. ಊರಿನಲ್ಲಿ ನಡೆಯುವಾಗ ಎದುರಿಗೆ ಬಂದವರು ನಕ್ಕರೆ ಅವನಿಗೆ ಗೊತ್ತಾಗುತ್ತಿತ್ತು, ಇದು ನನ್ನದು.

"ಮೀನಿಗೆ ಐದಡಿ ಮನೆ. ನನ್ನ ಬಚ್ಚಲು ಇರೋದೇ ನಾಲ್ಕಡಿ," ಭಾವ ಕೈ ಕೊಡವಿಕೊಂಡರು. "ಮುಂದಿನ ಜನ್ಮದಲ್ಲಿ ನಿನ್ನ ಮನೆ ಮೀನಾಗಿ ಹುಟ್ಟಬೇಕಪ್ಪಾ."

"ಆ ನೀಲಿ ದೊರೆ ಬದುಕೋದಕ್ಕೆ ಬಿಡಲ್ಲ ಅಣ್ಣ ನಿಮ್ಮನ್ನ," ಎಂದಳು ಹೆಂಡತಿ.

"ಅವನಿಗೇನು, ಬಂದ ದಿನವೇ ಒಂದು ಸಲಾಮು ಹಾಕಿಬಿಡ್ತೀನಿ."

ಮೂವರೂ ನಕ್ಕರು. ಗೋಡೆಯ ಬದಿಯ ಹಳೆಯ ಮೂರಡಿಯ ತೊಟ್ಟಿಯೊಳಗಿಂದ ಆ ನೀಲಿ ಮೀನು, ತನ್ನ ಹೆಸರು ಕೇಳಿದಂತೆ, ರೆಕ್ಕೆ ಬಿಡಿಸಿಕೊಂಡು ಗಾಜಿಗೆ ಬಂತು. ಸಿಕ್ಲಿಡ್ ಜಾತಿಯ ಮೀನುಗಳನ್ನು ಅವನು ಏಳು ವರ್ಷದಿಂದ ಸಾಕುತ್ತಿದ್ದ. ಬೇರೆ ಮೀನುಗಳು ನೀರಿನಲ್ಲಿ ಇರುತ್ತವೆ, ಇವು ಜಾಗದಲ್ಲಿ ಇರುತ್ತವೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಒಂದೊಂದಕ್ಕೂ ಒಂದೊಂದು ಕಲ್ಲು, ಕಲ್ಲಿನ ಸಂದಿ, ಸಂದಿಯ ಮುಂದೆ ಒಂದು ಅಂಗೈಯಷ್ಟು ಮರಳು. ಅದಕ್ಕಾಗಿ ಹೊಡೆದಾಡುತ್ತವೆ, ಅದಕ್ಕಾಗಿ ಬಣ್ಣ ಬರುತ್ತದೆ, ಅದು ಹೋದರೆ ಬಣ್ಣವೂ ಹೋಗುತ್ತದೆ. ದೊಡ್ಡ ತೊಟ್ಟಿ ಬೇಕೆಂಬ ಆಸೆಯನ್ನು ಹೆಂಡತಿ ಎಷ್ಟೋ ಸಲ 'ಹಾಲ್‌ನಲ್ಲಿ ನಾವಿರೋದಾ, ಅವು ಇರೋದಾ' ಎಂದು ತಳ್ಳಿಹಾಕಿದ್ದಳು. ಹದಿನೈದು ದಿನದ ಹಿಂದೆ ಭಾವ ತಾವೇ ಕೊಡಿಸುತ್ತೇನೆ ಎಂದಾಗ ಅವಳು ಒಂದು ಮಾತೂ ಆಡದೆ ಟೀವಿಯನ್ನು ಒಳಕೋಣೆಗೆ ಸಾಗಿಸಿದಳು. ಆಗ ಅವನಿಗೆ ಆಶ್ಚರ್ಯವಾಗಿತ್ತು, ಸಂತೋಷದಲ್ಲಿ ಕೇಳಲು ಮರೆತಿದ್ದ.

ಒಂದು ವಿಷಯದಲ್ಲಿ ಮಾತ್ರ ಅವನು ತಡೆದಿದ್ದ. ಬೂದು ಬಣ್ಣದ ಹೆಣ್ಣೊಂದು ಹನ್ನೆರಡು ದಿನದಿಂದ ಬಾಯಲ್ಲಿ ಮೊಟ್ಟೆ ಹಿಡಿದುಕೊಂಡಿತ್ತು. ಮೂರು ವಾರ ಅದು ಹಾಗೆಯೇ ಇರಬೇಕು. ತಿನ್ನುವಂತಿಲ್ಲ, ಬಾಯಿ ಬಿಡುವಂತಿಲ್ಲ. ಕೆಳದವಡೆ ಊದಿ, ಹೇಳಬೇಕಾದದ್ದನ್ನು ಹೇಳದೆ ಉಳಿಸಿಕೊಂಡವರ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ. ಹೆದರಿದರೆ ಉಗುಳಿಬಿಡುತ್ತದೆ, ಇಲ್ಲವೆ ನುಂಗಿಬಿಡುತ್ತದೆ. "ಹತ್ತು ದಿನ ತಡೆದು ಮಾಡೋಣ ಭಾವ," ಎಂದಿದ್ದ. "ಛೆ, ಇಲ್ಲ ಕಣೋ, ಈ ಭಾನುವಾರವೇ ಆಗಲಿ. ಆಮೇಲೆ ಕೆಲಸ ಜಾಸ್ತಿ ಇರುತ್ತೆ," ಎಂದಿದ್ದರು. ಕೊಡುವವರು ಹೇಳಿದ ದಿನ ತೆಗೆದುಕೊಳ್ಳಬೇಕಲ್ಲ. ಶುಕ್ರವಾರದಿಂದ ಮನೆಯ ಬಕೆಟ್ಟು, ಡ್ರಮ್ಮು, ಕೊನೆಗೆ ದೊಡ್ಡ ಪಾತ್ರೆಗಳಲ್ಲೂ ನೀರು ತುಂಬಿಸಿ ತೆರೆದಿಟ್ಟು, ನಲ್ಲಿ ನೀರಿನ ಕ್ಲೋರಿನ್ ವಾಸನೆ ಹಾರಿಹೋಗಲಿ ಎಂದು ಕಾದಿದ್ದ.

ಶುಕ್ರವಾರ. ನೀರು ಸುರಿಯುತ್ತ, ಮರಳು ಕೆದರದಿರಲೆಂದು ತಳದಲ್ಲಿಟ್ಟ ತಟ್ಟೆಯ ಮೇಲೆ ಧಾರೆ ಬೀಳುವುದನ್ನು ನೋಡುತ್ತ, ಅವನು ಶುಕ್ರವಾರವನ್ನು ನೆನೆದ. ಅಂದು ಬೆಳಿಗ್ಗೆ ಲ್ಯಾಬಿನ ಬಾಗಿಲು ತಳ್ಳಿ ಒಳಗೆ ಹೋದವನು ಬೇರೆಯವರ ಮನೆಗೆ ಬಂದವನಂತೆ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದ. ಅಚ್ಚು ಎರೆಯುವ ಮೇಜು ಬಾಗಿಲ ಪಕ್ಕಕ್ಕೆ ಬಂದಿತ್ತು. ಪಾಲಿಶ್ ಮಾಡುವ ಮೋಟರು ಬೀರು ಇದ್ದ ಕಡೆಗೆ, ಬೀರು ಕೈತೊಳೆಯುವ ಕಡೆಗೆ. ಕಿಟಕಿಯ ಬಳಿ ಹದಿನಾಲ್ಕು ವರ್ಷ ಇದ್ದ ಅವನ ಮೇಜು ಒಳಗೋಡೆಗೆ ಮುಖ ಮಾಡಿಕೊಂಡು ಟ್ಯೂಬ್‌ಲೈಟಿನ ಕೆಳಗೆ ನಿಂತಿತ್ತು. ಅದರ ಮೇಲೆ ಸ್ಪಿರಿಟ್ ದೀಪ, ಮೇಣದ ಚಾಕು, ಒದ್ದೆ ಹತ್ತಿಯ ಡಬ್ಬಿ ಎಲ್ಲವನ್ನೂ ಯಾರೋ ಅವನು ಇಡುವ ಕ್ರಮದಲ್ಲೇ ಜೋಡಿಸಿದ್ದರು. ಅದೊಂದು ದಯೆಯಂತೆ ಕಂಡಿತ್ತು. "ಸ್ವಲ್ಪ ಗಾಳಿ ಬೆಳಕು ಆಡಲಿ ಅಂತ," ಎಂದಿದ್ದರು ಭಾವ. ಕಿಟಕಿಯ ಬಳಿ ಈಗ ಏನೂ ಇರಲಿಲ್ಲ. ನೆಲದ ಮೇಲೆ ಮೇಜಿನ ನಾಲ್ಕು ಕಾಲಿನ ಗುರುತು, ಗೋಡೆಯಲ್ಲಿ ಹೊಸದಾಗಿ ಕೂರಿಸಿದ ದಪ್ಪನೆಯ ಪ್ಲಗ್ಗು. ಎಲ್ಲರ ಜಾಗವೂ ಬದಲಾದ್ದರಿಂದ ತನ್ನದೊಂದೇ ಹೋಯಿತೆಂದು ಯಾರೂ ಹೇಳುವಂತಿರಲಿಲ್ಲ. ಮೊದಲ ಒಂದು ಗಂಟೆ ಕೈ ಅಭ್ಯಾಸದಿಂದ ಕಿಟಕಿಯ ಕಡೆಗೇ ಹಲ್ಲನ್ನು ಎತ್ತಿ ಹಿಡಿದು ಬಣ್ಣ ನೋಡಲು ಹೊರಟು ಗೋಡೆಗೆ ತಾಗಿತು. ಮಧ್ಯಾಹ್ನದ ಹೊತ್ತಿಗೆ ಅವನು ಶಿಳ್ಳೆ ಹಾಕುತ್ತಿದ್ದ. ಈಗ ಬಕೆಟ್ಟು ಬಗ್ಗಿಸಿದಾಗ ನೆನಪಾದದ್ದು ಆ ಶಿಳ್ಳೆ.

ನೀರು ಮುಕ್ಕಾಲು ತುಂಬಿದ ಮೇಲೆ ಹಳೆಯ ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ಹೊರಗೆತ್ತಿ ಹಳೆ ಚಾದರದ ಮೇಲೆ ಸಾಲಾಗಿ ಮಲಗಿಸಿದ. ಹದಿನೇಳು ಕಲ್ಲು. ಅಡಗಲು ಏನೂ ಇಲ್ಲದೆ ಮೀನುಗಳು ಒಂದಕ್ಕೊಂದು ಅಂಟಿಕೊಂಡು ನಿಂತವು; ಏಳು ವರ್ಷದ ಹಗೆಯನ್ನೆಲ್ಲ ಮರೆತು, ಬಸ್ಸು ಕೆಟ್ಟುನಿಂತಾಗ ರಸ್ತೆಗಿಳಿದ ಪ್ರಯಾಣಿಕರಂತೆ. ಬಲೆಗೆ ಸಿಕ್ಕವನ್ನು ಬಕೆಟ್ಟಿಗೆ ಬಿಟ್ಟ. ದೊರೆಯ ನೀಲಿ ಆಗಲೇ ಅರ್ಧಕ್ಕರ್ಧ ಇಳಿದಿತ್ತು. ಬೂದು ಹೆಣ್ಣನ್ನು ಬಲೆಯಲ್ಲಿ ಹಿಡಿಯದೆ, ನೀರಿನ ಸಮೇತ ಚೊಂಬಿನಲ್ಲಿ ತುಂಬಿಕೊಂಡು ಸಣ್ಣ ಬಕೆಟ್ಟಿಗೆ ಇಳಿಸಿ ಮೇಲೆ ಬಟ್ಟೆ ಮುಚ್ಚಿದ. ಬಾಯಿ ಬಿಡಲಿಲ್ಲ ಅದು. ಹೊಸ ತೊಟ್ಟಿಯಲ್ಲಿ, ಭಾವ ತಂದಿದ್ದ ಎರಡು ಹಳದಿ ಮೀನುಗಳ ಪ್ಲಾಸ್ಟಿಕ್ ಚೀಲಗಳು ನೀರಿನ ಮೇಲೆ ತೇಲುತ್ತಿದ್ದವು. ಉದ್ದನೆಯ ಬೂದುಗಲ್ಲನ್ನು ಎತ್ತಿಕೊಂಡು, ಹಳೆಯದರಲ್ಲಿ ಇದ್ದಂತೆ ಎಡಮೂಲೆಗೆ, ಅದರ ಮೇಲೆ ತೂತುಗಲ್ಲನ್ನು ಒರಗಿಸಿ ಇಡತೊಡಗಿದ.

ಭಾವ ಕುರ್ಚಿಯಲ್ಲಿ ಕೂತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದವರು ಎದ್ದು ಬಂದರು.

"ಹಾಗಲ್ಲ ಮಾರಾಯ. ಹಳೇ ಥರಾನೇ ಇಟ್ಟುಬಿಟ್ರೆ ಆ ಮಹರಾಯ ಸೀದಾ ಹೋಗಿ ತನ್ನ ಗುಹೇಲಿ ಕೂತ್ಕೋತಾನೆ, ಈ ಎರಡು ಹೊಸಬರನ್ನ ಸಾಯಿಸಿ ಹಾಕ್ತಾನೆ. ಎಲ್ಲಾ ಕಲ್ಲೂ ಬದಲಿಸಿಡು. ಒಂದನ್ನೇ ಸರಿಸಿದರೆ ಗೊತ್ತಾಗಿಬಿಡುತ್ತೆ. ಎಲ್ಲವನ್ನೂ ಒಟ್ಟಿಗೆ ಸರಿಸಿದರೆ ಯಾವುದು ತನ್ನ ಜಾಗ ಅನ್ನೋದೇ ಹಳೇ ಮೀನಿಗೆ ಮರೆತುಹೋಗುತ್ತೆ. ಆವಾಗ ಹೊಸಬರು ಬಂದು ಸೇರಿದ್ದು ಗೊತ್ತೇ ಆಗಲ್ಲ." ಭಾವ ನಕ್ಕರು. "ನೀನೇ ಹೇಳಿಕೊಟ್ಟಿದ್ದು. ಮರೆತುಬಿಟ್ಯಾ?"

ಮರೆತಿರಲಿಲ್ಲ. ಎರಡು ವರ್ಷದ ಹಿಂದೆ, ಇದೇ ಹಾಲಿನಲ್ಲಿ, ಇಂಥದ್ದೇ ಒಂದು ಭಾನುವಾರ ಹೊಸ ಮೀನು ಬಿಡುವಾಗ ಭಾವನಿಗೆ ಅದನ್ನು ಅವನು ಹೇಳಿದ್ದ. ಭಾವ ಕೈಯಲ್ಲಿದ್ದ ಟೀ ಕುಡಿಯುವುದನ್ನೇ ಮರೆತು ಕೇಳಿಸಿಕೊಂಡಿದ್ದರು. 'ಒಳ್ಳೇ ಉಪಾಯ ಕಣೋ ಇದು,' ಎಂದಿದ್ದರು. ತನ್ನ ಹುಚ್ಚಿನ ಬಗ್ಗೆ ಇಷ್ಟು ಗಮನ ಕೊಟ್ಟು ಕೇಳಿದವರು ಯಾರೂ ಇಲ್ಲವೆಂದು ಅವನು ಆ ರಾತ್ರಿ ಹೆಂಡತಿಯ ಬಳಿ ಹೇಳಿಕೊಂಡಿದ್ದ. ಈಗ ಮೊಣಕೈವರೆಗೆ ನೀರಿನಲ್ಲಿದ್ದ ಅವನ ಕೈ, ಕಲ್ಲನ್ನು ಹಿಡಿದುಕೊಂಡೇ ನಿಂತಿತು. ಕಿಟಕಿ, ನೆಲದ ನಾಲ್ಕು ಗುರುತು, ಹೊಸ ಪ್ಲಗ್ಗು, 'ಆಮೇಲೆ ಕೆಲಸ ಜಾಸ್ತಿ ಇರುತ್ತೆ'. ಯಾವುದೂ ಹೊಸದಲ್ಲ, ಎಲ್ಲವೂ ಕಣ್ಣೆದುರಿಗೇ ಇದ್ದದ್ದು. ಹಲ್ಲುಗಳು ಮೇಣದಲ್ಲಿ ಒಂದೊಂದಾಗಿ ನಿಂತು ಇದ್ದಕ್ಕಿದ್ದಂತೆ ಒಂದು ಮುಖ ನಗಲು ಶುರುಮಾಡುವ ಹಾಗೆ ಆಯಿತು. ಮತ್ತು ಆ ಕ್ಷಣದಲ್ಲಿ, ಅವನು ಬೇಕೆಂದು ಮಾಡಿದ್ದಲ್ಲ, ಮನಸ್ಸಿನೊಳಗೆ ಇಷ್ಟು ವರ್ಷ ಇದ್ದ ಬಹುವಚನ ಕಳಚಿ ಬಿತ್ತು. ಭಾವ ಅಲ್ಲಿ ನಿಂತಿದ್ದಾನೆ, ಎಂದುಕೊಂಡ. ಭಾವ ಟವೆಲ್ಲು ಹೆಗಲಿಗೆ ಹಾಕಿಕೊಂಡಿದ್ದಾನೆ. ಭಾವ ನಗುತ್ತಿದ್ದಾನೆ.

"ಸೋಮವಾರ ಕಿಟಕಿ ಹತ್ತಿರ ಯಾರು ಬರ್ತಾರೆ?" ಎಂದು ಕೇಳಿದ, ನೀರಿನೊಳಗೇ ನೋಡುತ್ತ.

ಭಾವ ಟವೆಲ್ಲನ್ನು ಹೆಗಲಿಂದ ಕೆಳಗಿಳಿಸಿ, "ಅಕ್ಕ ಹೇಳಿದಳಾ?" ಎಂದ.

ಅಷ್ಟೇ ಸಾಕಾಗಿತ್ತು. ಇನ್ನೊಂದು ನಿಮಿಷ ಕೊಟ್ಟಿದ್ದರೆ ಭಾವ ಏನಾದರೂ ಚೆಂದದ ಸುಳ್ಳು ಹೇಳುತ್ತಿದ್ದ, ಅವನೂ ನಂಬುತ್ತಿದ್ದ. ಅಡುಗೆಮನೆಯಲ್ಲಿ ಹೆಂಡತಿ ಲೋಟ ತೊಳೆಯುತ್ತಿದ್ದ ಸದ್ದು ನಿಂತಿತು. ನೀರು ಮಾತ್ರ ಸುರಿಯುತ್ತಿತ್ತು, ಲೋಟಕ್ಕೆ ತಾಗದೆ ಸಿಂಕಿಗೆ ನೇರವಾಗಿ ಬೀಳುವ ಸದ್ದು. ಅವನು ಆ ಸದ್ದನ್ನು ಕೇಳುತ್ತ ನಿಂತ. ಹದಿನೈದು ದಿನದ ಹಿಂದೆ ತುಟಿಪಿಟಕ್ಕೆನ್ನದೆ ಟೀವಿಯನ್ನು ಒಳಗೆ ಸಾಗಿಸಿದವಳು.

"ನಿನಗೂ ಗೊತ್ತಿತ್ತಾ?" ಎಂದು ಅಡುಗೆಮನೆಯ ಕಡೆ ಕೂಗಿದ. ಕೂಗು ಎಂದುಕೊಂಡದ್ದು ಮಾಮೂಲಿ ಮಾತಿನಂತೆ ಹೊರಬಂತು.

ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಬಾಗಿಲಿಗೆ ಬಂದಳು. "ನಿಮ್ಮಕ್ಕ ಬಾಯಿ ಬಿಡಬೇಡ ಅಂದಿದ್ರು ರೀ. ಅಣ್ಣ ತಾವೇ ನಿಧಾನಕ್ಕೆ ಹೇಳ್ತಾರೆ, ನೀನು ಮಧ್ಯೆ ಹೇಳಿ ಅವನ ಮನಸ್ಸು ಕೆಡಿಸಬೇಡ ಅಂದ್ರು."

"ತೊಟ್ಟಿ ಬಂದ ಮೇಲೆ ಹೇಳೋಣ ಅಂತಾನಾ?"

"ನಿಮಗೆ ಖುಷಿ ಆಗಿತ್ತಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಅದೂ ಅವನಿಗೆ ಸಿಟ್ಟು ಬರಿಸಿತು. ಅಳುವುದಕ್ಕೂ ತನಗಿಂತ ಮೊದಲೇ ಎಲ್ಲರೂ ತಯಾರಾಗಿದ್ದಾರೆ.

ಭಾವ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಕೂತ. ವ್ಯಾಪಾರದ ಮಾತಿಗೆ ಕೂರುವ ರೀತಿಯಲ್ಲಿ, ಮೊಣಕಾಲುಗಳ ಮೇಲೆ ಕೈಯೂರಿ. "ನೋಡು, ಯಂತ್ರ ಬರ್ತಾ ಇದೆ. ಹಲ್ಲಿನ ಸೆಟ್ಟನ್ನ ಕಂಪ್ಯೂಟರಲ್ಲೇ ಜೋಡಿಸಿ, ಅದೇ ಕೆತ್ತಿಬಿಡುತ್ತೆ. ಅದನ್ನ ನಡೆಸೋದಕ್ಕೆ ಒಬ್ಬ ಹುಡುಗಿ ಬರ್ತಾಳೆ, ಓದಿಕೊಂಡವಳು. ಡಾಕ್ಟರುಗಳೆಲ್ಲ ಈಗ ಅದನ್ನೇ ಕೇಳ್ತಾರೆ. ನಾನು ತರದಿದ್ದರೆ ಎದುರು ಬೀದಿಯವನು ತರ್ತಾನೆ. ನಿನ್ನನ್ನ ಬಿಡ್ತೀನಿ ಅಂದೆನಾ? ನೀನು ಮನೆಯವನು."

"ಆ ಆಲ್ಬಮ್ಮು," ಎಂದ ಅವನು.

"ಯಾವ ಆಲ್ಬಮ್ಮು?"

"ಮೂರು ತಿಂಗಳು ನನ್ನ ಒಳ್ಳೊಳ್ಳೆ ಸೆಟ್ಟು ತಗೊಂಡು ಹೋದ್ರಲ್ಲ. ಡಾಕ್ಟರುಗಳಿಗೆ ತೋರಿಸೋದಕ್ಕೆ ಆಲ್ಬಮ್ ಮಾಡಿಸ್ತೀನಿ ಅಂತ."

ಭಾವ ಎದ್ದು, ಬಾಗಿಲ ಹಿಂದೆ ನೇತುಹಾಕಿದ್ದ ತನ್ನ ಚೀಲದಿಂದ ಹತ್ತಿಯಲ್ಲಿ ಸುತ್ತಿದ್ದೊಂದನ್ನು ತಂದು, ಬಿಚ್ಚಿ, ಅವನ ಒದ್ದೆ ಅಂಗೈ ಮೇಲಿಟ್ಟ. ಮೇಲ್ದವಡೆಯ ಸೆಟ್ಟು. ಹಗುರವಾಗಿತ್ತು, ನುಣ್ಣಗಿತ್ತು, ಮೇಣದ ವಾಸನೆಯಾಗಲಿ ಸುಟ್ಟ ವಾಸನೆಯಾಗಲಿ ಇರಲಿಲ್ಲ. "ಯಂತ್ರದ ಕಂಪನಿಯವರು ಮಾಡಿ ನೋಡಿದ್ದು. ಇವತ್ತು ನಿನಗೆ ತೋರಿಸೋಣ ಅಂತಾನೇ ತಂದಿದ್ದೆ," ಎಂದ ಭಾವ, ದನಿಯಲ್ಲಿ ನಿಜವಾದ ಹೆಮ್ಮೆಯಿತ್ತು. "ನೋಡು. ಥೇಟ್ ನಿನ್ನ ಕೈಯೇ. ನಿನ್ನ ನಲವತ್ತು ಸೆಟ್ಟು ನೋಡಿ ಯಂತ್ರ ಕಲಿತಿದೆ. ಎಡಗಡೆ ಎರಡನೇದು ನೋಡು."

ಎಡಗಡೆಯ ಎರಡನೆಯ ಹಲ್ಲು ಸ್ವಲ್ಪವೇ ಸ್ವಲ್ಪ ಹೊರಳಿತ್ತು. ಯಾರೋ ಕರೆದರೆಂದು ತಿರುಗಿದ ಹಾಗೆ. ಅವನಿಗೆ ಮೊದಲು ಅನಿಸಿದ್ದು ಚೆನ್ನಾಗಿದೆ ಎಂದು. ಆ ಮೆಚ್ಚುಗೆ ತನ್ನೊಳಗಿಂದ ತನ್ನನ್ನು ಕೇಳದೆ ಎದ್ದುಬಂದದ್ದೇ ಆ ದಿನದ ಅತ್ಯಂತ ಕೀಳಾದ ಅವಮಾನ. ಅವನು ಮೂರು ತಿಂಗಳು ತನ್ನ ಕೈಯಾರೆ ಒಂದೊಂದೇ ಸೆಟ್ಟನ್ನು ಆರಿಸಿ, ಹತ್ತಿಯಲ್ಲಿ ಸುತ್ತಿ, 'ಇದು ಇನ್ನೂ ಚೆನ್ನಾಗಿ ಬಂದಿದೆ ಭಾವ, ಇದನ್ನು ಮೊದಲ ಪುಟಕ್ಕೆ ಹಾಕಿಸಿ' ಎಂದು ಕೊಟ್ಟು ಕಳಿಸಿದ್ದ. ಮೊದಲ ಪುಟ. ಹೆಂಡತಿಗೆ ಹೇಳಿದ್ದ, ಅಕ್ಕನಿಗೆ ಹೇಳಿದ್ದ, ಅವರು ಹೌದಾ, ಹೌದಾ ಎಂದಿದ್ದರು.

ಆದರೆ ಆ ಹೊರಳು ಅವನದಲ್ಲ. ಅಂಗೈಯಲ್ಲಿ ಅದನ್ನು ಹಿಡಿದು ನಿಂತಾಗ, ಎಷ್ಟೋ ವರ್ಷದಿಂದ ನೆನೆಯದ ಒಂದು ಬೆರಳು ಅವನ ಕಣ್ಣೆದುರು ಬಂತು, ಉಗುರಿನ ತುದಿಯಲ್ಲಿ ಗುಲಾಬಿ ಮೇಣ ಹತ್ತಿದ ಬೆರಳು. ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಮೇಣದಜ್ಜ ಎನ್ನುತ್ತಿದ್ದರು. ಕಿಟಕಿಯ ಬಳಿ ಮೊದಲು ಕೂರುತ್ತಿದ್ದವರು ಅವರು. ನೇರ ಸಾಲು ಸುಳ್ಳು ಹೇಳುತ್ತೆ ಮಗಾ, ಎಂದು ಆ ಹಲ್ಲನ್ನು ಬಿಸಿ ಚಾಕುವಿನ ಮೊನೆಯಿಂದ ಹೊರಳಿಸುವುದನ್ನು ಕಲಿಸಿದವರು. ಕೊನೆಗೆ ಅವರಿಗೆ ಕಣ್ಣು ಮಂಜಾಯಿತು. ಅವರು ಮನೆಗೆ ಹೋದ ಮೇಲೆ ಅವನು ಅವರ ಸೆಟ್ಟುಗಳನ್ನು ದೀಪದ ಮುಂದೆ ಹಿಡಿದು ತಪ್ಪಿದ್ದನ್ನು ತಿದ್ದಿಡುತ್ತಿದ್ದ, ಒಂದು ವರ್ಷ, ಯಾರಿಗೂ ಹೇಳದೆ. ಒಂದು ಸಂಜೆ ತಿದ್ದಲಿಲ್ಲ. ದಣಿವಾಗಿತ್ತು ಎಂದುಕೊಂಡ. ಮರುದಿನವೂ ತಿದ್ದಲಿಲ್ಲ. ಮೂರನೆಯ ದಿನ ಸೆಟ್ಟೊಂದು ವಾಪಸ್ಸು ಬಂತು, ಆ ವಾರ ಇನ್ನೆರಡು; ತಿಂಗಳು ಮುಗಿಯುವುದರೊಳಗೆ ಕಿಟಕಿಯ ಮೇಜು ಅವನದಾಯಿತು. ಅಜ್ಜ ಹೊರಡುವ ದಿನ ತಮ್ಮ ಚಾಕುವನ್ನು ಅವನಿಗೇ ಕೊಟ್ಟು, 'ನೀನಿದ್ದೀಯಲ್ಲ, ಅದೇ ಸಮಾಧಾನ' ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ ಅವನಿಗೆ ಇಂದಿಗೂ ಗೊತ್ತಿಲ್ಲ. ಆ ವಿಷಯವನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಜೀವಮಾನದಲ್ಲಿ ಒಬ್ಬನ ಬಳಿ ಮಾತ್ರ.

ಆ ಒಬ್ಬ ಈಗ ಅವನ ಮುಖವನ್ನೇ ನೋಡುತ್ತಿದ್ದ. "ಹಳೇದನ್ನೆಲ್ಲ ಕೆದಕೋದು ಬೇಡ," ಎಂದ ಭಾವ ಮೆಲ್ಲಗೆ. "ಮೇಣದಜ್ಜನ ವಿಷಯ ನಾನು ಯಾವತ್ತಾದರೂ ಎತ್ತಿದ್ದೀನಾ? ಇಲ್ಲಿ ಯಾರಿಗೆ ಯಾರು ಜಾಗ ಬಿಟ್ಟುಕೊಟ್ಟರು, ಯಾರು ಕಿತ್ಕೊಂಡರು ಅಂತ ಲೆಕ್ಕ ಹಾಕ್ತಾ ಕೂತರೆ ನಾವಿಬ್ಬರೂ ತಲೆ ಎತ್ತೋ ಹಾಗಿಲ್ಲ."

"ಯಾವ ಅಜ್ಜ?" ಎಂದಳು ಹೆಂಡತಿ.

ಇವಳಿಗೂ ತಾನು ಹೇಳದೆ ಉಳಿಸಿಕೊಂಡದ್ದೊಂದು ಇದೆ, ಎಂದು ಅವನಿಗೆ ಹೊಳೆಯಿತು. ಆದರೆ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ, ನಿಲ್ಲಲು ಜಾಗವಿಲ್ಲದೆ ಮೈಯಲ್ಲೆಲ್ಲ ಓಡಾಡಿತು. ಎತ್ತದೆ ಇದ್ದೀನಿ ಎಂದು ಹೇಳುವುದೇ ಎತ್ತುವುದು. ಭಾವ ಅದನ್ನು ಹದಿನಾಲ್ಕು ವರ್ಷ ಬಾಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ಬೇಕಾದ ದಿನ ಬಿಟ್ಟ.

ಅವನು ಸೆಟ್ಟನ್ನು ಹತ್ತಿಯ ಮೇಲೆ ಇಟ್ಟ. ಹೊಸ ತೊಟ್ಟಿಯೊಳಗೆ ಕೈ ಹಾಕಿ ಎರಡು ಕಲ್ಲುಗಳನ್ನೂ ಹೊರತೆಗೆದ. ಹಳೆಯ ತೊಟ್ಟಿಯ ಮುಂದೆ ಮೊಣಕಾಲೂರಿ, ಅರ್ಧ ಉಳಿದಿದ್ದ ನೀರಿನಲ್ಲಿ ಉದ್ದನೆಯ ಬೂದುಗಲ್ಲನ್ನು ಎಡಮೂಲೆಗೆ ಇಳಿಸಿದ.

"ಏನು ಮಾಡ್ತಾ ಇದ್ದೀಯೋ?" ಎಂದ ಭಾವ.

"ವಾಪಸ್ಸು ಇಡ್ತಾ ಇದ್ದೀನಿ."

"ಅಲ್ಲಿಗಾ? ಅಷ್ಟು ದೊಡ್ಡದನ್ನ ತುಂಬಿಸಿಟ್ಟು? ತಲೆ ಕೆಟ್ಟಿದೆಯಾ? ಬೆಳಿಗ್ಗೆಯಿಂದ ಸೊಂಟ ಮುರ್ಕೊಂಡಿದ್ದು ಯಾತಕ್ಕೆ?"

ಅವನು ಕಲ್ಲುಗಳನ್ನು ಇಳಿಸುತ್ತಲೇ ಹೋದ: ತೂತುಗಲ್ಲು, ಅದರ ಬುಡಕ್ಕೆ ಚಪ್ಪಟೆ ಕಲ್ಲು, ಆಮೆಯ ಬೆನ್ನಿನಂತಿದ್ದ ಕರಿಗಲ್ಲು. ಕಣ್ಣು ಮುಚ್ಚಿಕೊಂಡರೂ ಇಡಬಲ್ಲೆ ಎಂದುಕೊಂಡಿದ್ದ. ಬಾಯೊಂದಕ್ಕೆ ಇಪ್ಪತ್ತೆಂಟು ಹಲ್ಲು ಜೋಡಿಸುವವನಿಗೆ ಹದಿನೇಳು ಕಲ್ಲು ಏನು ಮಹಾ. ಐದು ಕೂತವು, ಆರು, ಏಳು. ಎಂಟನೆಯ ಕಲ್ಲನ್ನು ಕೈಯಲ್ಲಿ ಹಿಡಿದು ನಿಂತ. ಬಿಳಿ ಗೆರೆಯಿದ್ದ ಕಲ್ಲು, ದೊರೆಯ ಬಾಗಿಲು ಎಂದು ತಾವು ಕರೆಯುತ್ತಿದ್ದದ್ದು. ಗೆರೆ ಎತ್ತ ಕಡೆಗಿತ್ತು? ಒಳಗಡೆಗೆ? ಗಾಜಿನ ಕಡೆಗೆ? ಒಂದು ಥರ ಇಟ್ಟ, ತಿರುಗಿಸಿದ, ಮತ್ತೆ ತಿರುಗಿಸಿದ. ಪ್ರತಿ ಸಲವೂ ಹೀಗೇ ಇತ್ತು ಅನಿಸಿತು. ಎರಡು ವರ್ಷ ಪ್ರತಿದಿನ ಬೆಳಿಗ್ಗೆ ನೋಡಿದ್ದು, ಹೊರಗೆ ತೆಗೆದು ಇನ್ನೂ ಎರಡು ಗಂಟೆಯಾಗಿಲ್ಲ. ಉಪಾಯ ತನ್ನ ಮೇಲೂ ಹೀಗೇ ಕೆಲಸ ಮಾಡುತ್ತದೆ ಎಂದುಕೊಂಡ. ನಾಳೆ ಹೋದರೆ ನಾಡಿದ್ದು ಒಗ್ಗುತ್ತದೆ, ಆಚೆ ನಾಡಿದ್ದು ಶಿಳ್ಳೆ ಹಾಕುತ್ತೇನೆ.

"ಇನ್ನೂ ಸ್ವಲ್ಪ ಬಲಕ್ಕಿತ್ತು ರೀ," ಎಂದಳು ಹೆಂಡತಿ ಹಿಂದಿನಿಂದ, ತುಂಬ ಸಣ್ಣ ದನಿಯಲ್ಲಿ. "ಗೆರೆ ನಮ್ಮ ಕಡೆಗೆ."

ಅವನು ಅವಳನ್ನು ನೋಡಲಿಲ್ಲ. ಆದರೆ ಕಲ್ಲನ್ನು ಬಲಕ್ಕೆ ಸರಿಸಿ, ಗೆರೆಯನ್ನು ಈಚೆಗೆ ತಿರುಗಿಸಿದ. ಅದು ಕೂತಿತು. ಉಳಿದವುಗಳನ್ನು ಅವಳೇ ಒಂದೊಂದಾಗಿ ಚಾದರದಿಂದ ಎತ್ತಿಕೊಟ್ಟಳು, ಅವನು ತೆಗೆದುಕೊಂಡ. ಬಕೆಟ್ಟಿನ ಮೀನುಗಳನ್ನು ಬಿಟ್ಟ. ಕೊನೆಗೆ ಸಣ್ಣ ಬಕೆಟ್ಟಿನ ಬಟ್ಟೆ ಸರಿಸಿದ. ಬೂದು ಹೆಣ್ಣು ತಳದಲ್ಲಿ ಅಲುಗದೆ ನಿಂತಿತ್ತು. ಅದರ ಸುತ್ತ ಮೂರು ಮೊಟ್ಟೆ, ಕಿತ್ತಳೆ ಬಣ್ಣದವು, ಒಂದಕ್ಕೆ ಆಗಲೇ ಬಾಲದ ಗೆರೆ ಮೂಡಿತ್ತು. ಉಳಿದದ್ದು ಬಾಯೊಳಗೇ ಇತ್ತು. ಕೆಳದವಡೆ ಇನ್ನೂ ಊದಿಕೊಂಡಿತ್ತು. ಚೊಂಬಿನಲ್ಲಿ ಎತ್ತಿ, ಚೊಂಬನ್ನೇ ನೀರಿನೊಳಗೆ ಮುಳುಗಿಸಿ, ಅದಾಗಿಯೇ ಹೊರಗೆ ಬರುವವರೆಗೆ ಹಿಡಿದುಕೊಂಡ. ಅದು ಬಂತು, ಸುತ್ತ ನೋಡಿತು, ಹಿಂದಿನ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ನಿಂತಿತು. ದೊರೆ ಮಾತ್ರ ಬಿಳಿಗೆರೆಯ ಕಲ್ಲಿನ ಮುಂದೆ ಹೋಗಿ, ಒಳಗೆ ಹೋಗದೆ, ಹೊರಗೂ ಬರದೆ ತೂಗಾಡುತ್ತಿತ್ತು.

ಹೊಸ ತೊಟ್ಟಿಯಲ್ಲಿ ಮೋಟರು ಸುಮ್ಮನೆ ಗುಂಯ್‌ಗುಡುತ್ತ ಖಾಲಿ ನೀರನ್ನು ತಿರುಗಿಸುತ್ತಿತ್ತು. ಎರಡು ಚೀಲಗಳು ಅದರ ಸುಳಿಗೆ ಸಿಕ್ಕಿ ಒಂದಕ್ಕೊಂದು ತಾಗುತ್ತ ದೂರವಾಗುತ್ತ ಸುತ್ತುತ್ತಿದ್ದವು. ಭಾವ ಚಪ್ಪಲಿ ಮೆಟ್ಟಿಕೊಂಡು, ಚೀಲ ಹೆಗಲಿಗೇರಿಸಿಕೊಂಡು, ಮತ್ತೆ ಬಂದು ಅವನ ಪಕ್ಕದಲ್ಲಿ ನಿಂತ. ಒಡೆದ ಉಗುರು ಮತ್ತೆ ಅವನ ಕಣ್ಣೆದುರಿಗೆ ಬಂತು. ಅದರ ಮೇಲಿನ ಪ್ರೀತಿ ಇನ್ನೂ ಅಲ್ಲೇ ಇತ್ತು, ಅದೇ ಕಷ್ಟ.

"ಇಲ್ಲಿ ಕೇಳು," ಎಂದ ಭಾವ. "ಮುಂದಿನ ಕೋಣೆಯಲ್ಲಿ ನಿನಗೆ ಹೊಸ ಮೇಜು ಹಾಕಿಸಿದ್ದೀನಿ. ಫ್ಯಾನು ಇದೆ, ಬಿಳಿ ಕೋಟು ಹೊಲಿಸಿದ್ದೀನಿ. ಸಂಬಳದಲ್ಲಿ ಏನೂ ವ್ಯತ್ಯಾಸ ಇಲ್ಲ. ಯಂತ್ರ ಮಾಡಿದ ಸೆಟ್ಟೆಲ್ಲ ನಿನ್ನ ಕೈಗೆ ಬರುತ್ತೆ. ನೀನು ದೀಪಕ್ಕೆ ಹಿಡಿದು ನೋಡಿ, ತಪ್ಪಿದ್ದರೆ ಒಂಚೂರು ತಿದ್ದಿ ಕಳಿಸೋದು. ಅಷ್ಟೇ. ನಿನ್ನಷ್ಟು ಚೆನ್ನಾಗಿ ತಿದ್ದೋರು ಯಾರಿದ್ದಾರೆ? ಆ ಹುಡುಗಿಗೂ ಹೇಳಿದ್ದೀನಿ, ನಮ್ಮ ಹಿರಿಯರು ಒಬ್ಬರಿದ್ದಾರೆ ಅಂತ." ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟ. "ನಾಳೆ ಒಂಬತ್ತಕ್ಕೆ ಬಾ. ಎಲ್ಲ ಸರಿಹೋಗುತ್ತೆ."

ಅವನು ನೀರಿನಿಂದ ಕೈ ತೆಗೆದ. ಮೊಣಕೈಯಿಂದ ಹನಿಗಳು ನೆಲಕ್ಕೆ ಬೀಳುವುದನ್ನು ನೋಡಿದ. ಹೆಂಡತಿ ಟವೆಲ್ಲು ಹಿಡಿದುಕೊಂಡು ನಿಂತಿದ್ದಳು.

"ಬರಲ್ಲ," ಎಂದ.